ಊರು ಬೆಳೆಯುವಾಗ ಹೊಲ ಉಳಿಯುವ ಬಗೆ
ವಿಜಯಪುರದ ನಗರದಂಚಿನ ರೈತರಿಗೆ ನೆಲದ ಯೋಜನೆಯ ಪರಿಚಯ

ವಿಜಯಪುರದ ಗಾಂಧಿ ಚೌಕದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ, ಸುತ್ತಲಿನ ಹಳ್ಳಿಗಳು ಈ ಊರಿಗೆ ಏನೇನು ಕೊಡುತ್ತವೆ ಎಂಬುದು ಕಣ್ಣಿಗೆ ಬೀಳುತ್ತದೆ. ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರು ಸೈಕಲ್ಲುಗಳು ಬರುತ್ತವೆ. ಮೆಂತ್ಯ, ರಾಜಗಿರಿ, ಸಬ್ಬಸಗಿಯ ಗಂಟುಗಳು ಇಳಿಯುತ್ತವೆ. ದ್ರಾಕ್ಷಿ, ನಿಂಬೆ, ದಾಳಿಂಬೆ ತಮ್ಮ ತಮ್ಮ ಕಾಲಕ್ಕೆ ಬರುತ್ತವೆ. ಇಲ್ಲಿಂದ ಪಶ್ಚಿಮಕ್ಕೆ ಅಥಣಿ ರಸ್ತೆ ಹಿಡಿದರೆ ತೊರವಿ, ಮುಂದೆ ತಿಕೋಟಾ ಸಿಗುತ್ತದೆ. ನೈರುತ್ಯಕ್ಕೆ ಜಮಖಂಡಿ ರಸ್ತೆ ಹಿಡಿದರೆ ಸಾರವಾಡ, ಬಬಲೇಶ್ವರ ಸಿಗುತ್ತವೆ. ಹಿಂದೆ ಈ ರಸ್ತೆಗಳಲ್ಲಿ ಮನೆಗಳು ಮುಗಿದ ಕೂಡಲೆ ಹೊಲಗಳು ಆರಂಭವಾಗುತ್ತಿದ್ದವು. ಈಗ ಮನೆ ಮತ್ತು ಹೊಲದ ನಡುವೆ ಮೂರನೆಯದೊಂದು ಬಗೆಯ ನೆಲ ಹುಟ್ಟಿಕೊಂಡಿದೆ. ಅಲ್ಲಿ ಬೆಳೆಯೂ ಇಲ್ಲ, ಮನೆಯೂ ಇಲ್ಲ; ಸಾಲಾಗಿ ನೆಟ್ಟ ಕಲ್ಲುಗಳಿವೆ, ನಡುವೆ ಬಳ್ಳಾರಿ ಜಾಲಿ ಬೆಳೆದಿದೆ.

ಒಮ್ಮೆ ಹಿಂಗಾರಿ ಬಿತ್ತನೆಯ ಮುಂಚೆ ರೈತರೊಬ್ಬರು ಬಂದು ನಮ್ಮನ್ನು ಹೀಗೆ ಕೇಳಿದರು: “ಸಾಹೇಬ್ರ, ಎಡಕ್ಕ ಪ್ಲಾಟ್ ಆತು, ಬಲಕ್ಕ ಪ್ಲಾಟ್ ಆತು. ನಡುವ ನನ್ನ ನಾಕ ಎಕರೆ ಎರಿ ಉಳದೈತಿ. ಇದರಾಗ ಜ್ವಾಳ ಬಿತ್ತಲ್ಯೋ, ಕಲ್ಲ ನೆಡಲ್ಯೋ?” ಯಾವ ತಳಿ ಬಿತ್ತಬೇಕು, ಎಷ್ಟು ಗೊಬ್ಬರ ಹಾಕಬೇಕು ಎಂದು ಕೇಳಿದ್ದರೆ ಒಡನೆ ಉತ್ತರ ಕೊಡುತ್ತಿದ್ದೆವು. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ನಮ್ಮಲ್ಲಿ ಇರಲಿಲ್ಲ. ಇಂಥ ಪ್ರಶ್ನೆ ಇಂದು ಅನೇಕ ರೈತರ ಮನಸ್ಸಿನಲ್ಲಿದೆ. ಅದಕ್ಕೆ ಉತ್ತರ ಹುಡುಕುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಗರದಂಚು ಎಂದರೇನು?

ಊರಿನ ಬೆಲೆಯೂ ಹೊಲದ ಬೆಲೆಯೂ ಒಂದೇ ನೆಲದ ಮೇಲೆ ಪೈಪೋಟಿ ನಡೆಸುವ ಪ್ರದೇಶವೇ ನಗರದಂಚು. ಇದರ ಅರ್ಥವನ್ನು ಮೊದಲು ಲೆಕ್ಕ ಹಾಕಿ ತೋರಿಸಿದವನು ಜರ್ಮನಿಯ ಬೇಸಾಯಗಾರ ಫಾನ್ ಥ್ಯೂನೆನ್. ತನ್ನ ಸ್ವಂತ ಜಮೀನಿನ ಖರ್ಚುವೆಚ್ಚದ ಲೆಕ್ಕವನ್ನು ಇಟ್ಟುಕೊಂಡು ಆತ 1826ರಲ್ಲಿ ಒಂದು ಗ್ರಂಥ ಬರೆದನು. ಪೇಟೆಯ ಸುತ್ತಲಿನ ಬೇಸಾಯ ಉಂಗುರ ಉಂಗುರವಾಗಿ ಹರಡಿಕೊಳ್ಳುತ್ತದೆ ಎಂಬುದು ಆತನ ವಾದ. ಬೇಗ ಕೆಡುವ ಹಾಲು, ಹಣ್ಣು, ಕಾಯಿಪಲ್ಯೆ ಪೇಟೆಗೆ ಅತಿ ಹತ್ತಿರದ ಉಂಗುರದಲ್ಲಿ ಇರುತ್ತವೆ. ಹೊರಲು ಭಾರವಾದ ಉರುವಲು ಅದರ ಆಚೆ, ಕಾಳುಕಡಿ ಇನ್ನೂ ಆಚೆ, ದನಕರು ಸಾಕಣೆ ಅತಿ ಹೊರಗೆ ಇರುತ್ತವೆ. ಲಾರಿ, ಶೀತಗೃಹಗಳು ಬಂದ ಮೇಲೆ ಈ ಉಂಗುರಗಳು ಸಡಿಲಗೊಂಡಿವೆ. ಆದರೂ ಗಾಂಧಿ ಚೌಕಕ್ಕೆ ಬರುವ ಸೊಪ್ಪಿನ ಗಂಟು ಇಂದಿಗೂ ಬಹುದೂರದಿಂದ ಬರುವುದಿಲ್ಲ. ಆದುದರಿಂದ ನಗರದಂಚಿನ ಹೊಲವನ್ನು “ಪ್ಲಾಟ್ ಆಗುವವರೆಗಿನ ಖಾಲಿ ಜಾಗ” ಎಂದು ಎಣಿಸುವುದು ತಪ್ಪು. ಊರಿನ ಹಾಲು, ಪಲ್ಯೆ, ಮೇವು, ಕುಡಿಯುವ ನೀರಿನ ಒರತೆ ಇವೆಲ್ಲ ಆ ಹೊಲಗಳನ್ನು ಅವಲಂಬಿಸಿವೆ.

ಪಟ್ಟಣ ಬೆಳೆಯಬಾರದು ಎಂದು ನಾವು ಹೇಳುವುದಿಲ್ಲ. 2011ರ ಜನಗಣತಿಯಲ್ಲಿಯೇ ಈ ನಗರದ ಜನಸಂಖ್ಯೆ ಮೂರು ಲಕ್ಷವನ್ನು ಮೀರಿತ್ತು. ಅವರಿಗೆ ಮನೆ ಬೇಕು, ಅವರ ಮಕ್ಕಳಿಗೆ ಶಾಲೆ ಬೇಕು. ಆ ಮಕ್ಕಳಲ್ಲಿ ನಮ್ಮ ರೈತರ ಮಕ್ಕಳೂ ಇದ್ದಾರೆ. ಊರು ಯಾವ ನೆಲದ ಮೇಲೆ ಬೆಳೆಯಬೇಕು, ಯಾವ ನೆಲವನ್ನು ಬಿಟ್ಟು ಬೆಳೆಯಬೇಕು ಎಂಬುದೇ ಪ್ರಶ್ನೆ. ನೆಲ, ನೀರು, ಗಿಡ, ಮನೆ, ರಸ್ತೆ ಇವುಗಳನ್ನೆಲ್ಲ ಒಂದೇ ನಕ್ಷೆಯಲ್ಲಿಟ್ಟು ಇದನ್ನು ನಿರ್ಧರಿಸುವುದಕ್ಕೆ ತಜ್ಞರು ಭೂದೃಶ್ಯ ಯೋಜನೆ ಎನ್ನುತ್ತಾರೆ. ನಾವು ಇಲ್ಲಿ ಸರಳವಾಗಿ ನೆಲದ ಯೋಜನೆ ಎಂದು ಕರೆಯೋಣ.

ನಮ್ಮ ನೆಲದ ಮೂರು ಬಗೆ

ಈ ಭಾಗದ ನೆಲವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

1. ಮಡ್ಡಿ: ಎತ್ತರದ ದಿಬ್ಬದ ಮೇಲಿನ ನೆಲ. ಮಣ್ಣಿನ ಆಳ ಒಂದು ಅಡಿಗಿಂತ ಕಡಿಮೆ. ಕೆಳಗೆ ಗರಸು ಮತ್ತು ಕಪ್ಪುಕಲ್ಲು. ನಗರದ ಸುತ್ತ ಇಂಥ ನೆಲ ಬಹಳವಿದೆ.

2. ನಡುವಣ ನೆಲ: ಇಳಿಜಾರಿನಲ್ಲಿ ಒಂದರಿಂದ ಮೂರು ಅಡಿ ಆಳದ ಮಣ್ಣು. ತೊಗರಿ, ಸಜ್ಜೆ, ನಿಂಬೆ, ದ್ರಾಕ್ಷಿಗೆ ಯೋಗ್ಯ.

3. ಎರಿ: ತಗ್ಗಿನಲ್ಲಿ, ವಿಶೇಷವಾಗಿ ಡೋಣಿಯ ಎರಡೂ ದಂಡೆಗಳಲ್ಲಿ, ಮೂರು ಅಡಿಗಿಂತ ಆಳವಾದ ಕರಿ ಮಣ್ಣು. ಹಿಂಗಾರಿ ಜೋಳ, ಕಡಲೆ, ಕುಸುಬಿ, ಗೋದಿಯ ತವರು. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂಬ ಹಿರಿಯರ ಮಾತು ಹುಟ್ಟಿದ್ದು ಈ ಮಣ್ಣಿನಿಂದ.

ಈ ಮೂರು ನೆಲಗಳ ಮೇಲೆ ಮನೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಕಟ್ಟಡದ ಮೇಸ್ತ್ರಿಗಳೇ ಬಲ್ಲರು. ಎರಿ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯೇ ಇದಕ್ಕೆ ಕಾರಣ. ಬೆಳೆಗೆ ಈ ಗುಣ ಒಳ್ಳೆಯದು. ಬಿರುಕುಗಳು ಮಣ್ಣನ್ನು ತಾವಾಗಿಯೇ ಉಳುತ್ತವೆ. ಗೋಡೆಗೆ ಮಾತ್ರ ಇದೇ ಗುಣ ಶತ್ರು. ಗರಸು ಸಿಗುವವರೆಗೆ ಬುನಾದಿ ತೋಡದಿದ್ದರೆ ಗೋಡೆ ಸೀಳುತ್ತದೆ, ನೆಲಹಾಸು ಏಳುತ್ತದೆ. ಮಡ್ಡಿಯಲ್ಲಾದರೋ ಬುನಾದಿಗೆ ಗಟ್ಟಿ ನೆಲ ಕೈಗೆಟುಕುವ ಆಳದಲ್ಲಿಯೇ ಸಿಗುತ್ತದೆ. ಹೀಗೆ ಬೆಳೆಗೆ ಉತ್ತಮವಾದ ನೆಲ ಮನೆಗೆ ಕನಿಷ್ಠ. ಮನೆಗೆ ಉತ್ತಮವಾದ ನೆಲ ಬೆಳೆಗೆ ಕನಿಷ್ಠ. ನೆಲದ ಯೋಜನೆಯ ಮೊದಲ ಸೂತ್ರ ಇದರಲ್ಲಿಯೇ ಅಡಗಿದೆ: ಮನೆ ಮಡ್ಡಿಗೆ, ಬೆಳೆ ಎರಿಗೆ, ಹಳ್ಳ ನೀರಿಗೆ.

ಈ ಸೂತ್ರ ತಾನಾಗಿಯೇ ನಡೆಯುವುದಿಲ್ಲ. ಪ್ಲಾಟ್ ಹಾಕುವವರು ನೋಡುವುದು ಮಣ್ಣನ್ನಲ್ಲ, ರಸ್ತೆಯನ್ನು. ರಸ್ತೆ ಎರಿಯ ನಡುವೆ ಹಾದರೆ ಮನೆಗಳೂ ಎರಿಗೇ ಬರುತ್ತವೆ. ಆದುದರಿಂದಲೇ ಯೋಜನೆ ಅವಶ್ಯಕವಾಗಿದೆ.

ಎರಿ ಹೊಲ ಒಂದು ಕೆರೆಯೇ ಸರಿ

ವಿಜಯಪುರದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 600 ಮಿ.ಮೀ. ಮಳೆ ಆಗುತ್ತದೆ. ಈ ಮಳೆಯನ್ನು ನೆಲದಲ್ಲಿ ಹಿಡಿದಿಟ್ಟು ಬೆಳೆ ತೆಗೆಯುವ ವಿದ್ಯೆಯನ್ನು ಅಭ್ಯಾಸ ಮಾಡಲು 1930ರ ದಶಕದಲ್ಲಿಯೇ ದೇಶದ ಐದು ಕಡೆ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಸೊಲ್ಲಾಪುರ, ಹಗರಿ, ರಾಯಚೂರು, ರೋಹತಕ್‌ಗಳ ಜೊತೆ ವಿಜಯಪುರವೂ ಅವುಗಳಲ್ಲಿ ಒಂದು. ಅಂದಿನಿಂದ ಕಲಿತ ಪಾಠದ ಸಾರ ಇಷ್ಟು: ಒಂದು ಮೀಟರ್ ಆಳದ ಎರಿ ಮಣ್ಣು ಬೆಳೆಗೆ ಸಿಗುವಂತೆ ಸುಮಾರು 150ರಿಂದ 200 ಮಿ.ಮೀ. ನೀರನ್ನು ಹಿಡಿದಿಡಬಲ್ಲದು.

ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ಆ ಲೆಕ್ಕದಲ್ಲಿ ಒಂದು ಎಕರೆ ಎರಿ ಹೊಲ ತನ್ನೊಳಗೆ 6ರಿಂದ 8 ಲಕ್ಷ ಲೀಟರ್ ನೀರನ್ನು ಇಟ್ಟುಕೊಳ್ಳುತ್ತದೆ. ಹಸ್ತ, ಚಿತ್ತಿ ಮಳೆಗಳ ನಂತರ ಹನಿ ಬೀಳದಿದ್ದರೂ ಮಾಲದಂಡಿ ಜೋಳ ತೆನೆ ಕಟ್ಟುವುದು ಈ ಕಾಣದ ಕೆರೆಯ ನೀರಿನಿಂದಲೇ. ಈ ಕೆರೆಯನ್ನು ಯಾರೂ ತೋಡಿಲ್ಲ. ಕಲ್ಲು ಸವೆದು ಇಂಥ ಮಣ್ಣಾಗಲು ಸಾವಿರಾರು ವರ್ಷ ಬೇಕು. ಮೇಲೆ ಒಮ್ಮೆ ಕಾಂಕ್ರೀಟು ಹಾಕಿದರೆ ಅದು ಮುಚ್ಚಿದಂತೆಯೇ. ಕಟ್ಟಡ ಕೆಡವಿದರೂ ಮೊದಲಿನ ಹೊಲ ಮರಳುವುದಿಲ್ಲ. ಮಾರಿದ ಹಣವನ್ನು ಮತ್ತೆ ಗಳಿಸಬಹುದು, ಈ ಮಣ್ಣನ್ನು ಗಳಿಸಲಾಗದು. ಮಾರುವವರೂ ಕೊಳ್ಳುವವರೂ ಈ ವ್ಯತ್ಯಾಸವನ್ನು ತಿಳಿದಿರಬೇಕು.

ನಾವು ಮಾಡಿದ ಒಂದು ತಪ್ಪು

ಇಲ್ಲಿ ನಮ್ಮ ಅನುಭವವನ್ನು ಮುಚ್ಚಿಡದೆ ಹೇಳುವುದು ಉಚಿತ. ಕೆಲವು ವರ್ಷಗಳ ಹಿಂದೆ ನಗರದ ಸಮೀಪದ ಇಳಿಜಾರಿನ ಹೊಲವೊಂದರಲ್ಲಿ ಚೌಕುಮಡಿ ಹಾಕಿಸಿದೆವು. ಮಳೆಗಾಲದಲ್ಲಿ ಹೊಲವನ್ನು 3ರಿಂದ 4.5 ಮೀಟರ್ ಅಗಲದ ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ ಬಿದ್ದ ನೀರನ್ನು ಬಿದ್ದಲ್ಲಿಯೇ ಇಂಗಿಸುವ ಈ ಪದ್ಧತಿ ಹಿಂಗಾರಿ ಬೆಳೆಗೆ ಬಹು ಉಪಯುಕ್ತವಾಗಿದೆ. ಮೊದಲ ವರ್ಷ ಒಳ್ಳೆಯ ಫಲ ಸಿಕ್ಕಿತು. ಎರಡನೆಯ ವರ್ಷ ಹಸ್ತ ಮಳೆಯ ಒಂದೇ ರಾತ್ರಿ ಮಡಿಗಳೆಲ್ಲ ಒಡೆದು, ಒಡ್ಡು ಕಿತ್ತು, ಹೊಲದ ನಡುವೆ ಕೊರಕಲು ಬಿತ್ತು. ಕಾರಣ ಹುಡುಕುತ್ತ ಮೇಲಕ್ಕೆ ನಡೆದುಹೋದಾಗ ತಿಳಿಯಿತು: ಮೇಲ್ಭಾಗದ ಹೊಲದಲ್ಲಿ ಪ್ಲಾಟ್ ಹಾಕಿ ರಸ್ತೆ ಮಾಡಿದ್ದರು, ನಡುವೆ ಹರಿಯುತ್ತಿದ್ದ ಸಣ್ಣ ಹಳ್ಳವನ್ನು ಮಣ್ಣು ತುಂಬಿ ಸಮ ಮಾಡಿದ್ದರು. ಅಲ್ಲಿಯ ನೀರಿಗೆ ದಾರಿ ಇಲ್ಲದೆ ಈ ರೈತರ ಹೊಲವೇ ದಾರಿಯಾಯಿತು. ನಾವು ಹೊಲವನ್ನು ಮಾತ್ರ ನೋಡಿದ್ದೆವು, ಹೊಲದ ಮೇಲಿನ ನೆಲವನ್ನು ನೋಡಿರಲಿಲ್ಲ. ಆ ಹಿಂಗಾರಿಯಲ್ಲಿ ಆ ಕುಟುಂಬಕ್ಕೆ ಆದ ನಷ್ಟಕ್ಕೆ ನಮ್ಮ ಶಿಫಾರಸೂ ಒಂದು ಪಾಲು ಕಾರಣ.

ಇದರ ಲೆಕ್ಕವನ್ನು ಗಮನಿಸಿರಿ. 10 ಎಕರೆಯ ಒಂದು ಬಡಾವಣೆಯಲ್ಲಿ ಮಾಳಿಗೆ ಮತ್ತು ರಸ್ತೆ ಸೇರಿ ಅರ್ಧದಷ್ಟು, ಅಂದರೆ 5 ಎಕರೆ ಮುಚ್ಚಿಹೋಯಿತು ಎಂದಿಟ್ಟುಕೊಳ್ಳೋಣ. 50 ಮಿ.ಮೀ.ನ ಒಂದು ಜೋರು ಮಳೆಗೆ ಆ 5 ಎಕರೆಯ ಮೇಲೆ ಸುಮಾರು 10 ಲಕ್ಷ ಲೀಟರ್ ನೀರು ಬೀಳುತ್ತದೆ. ಕಾಂಕ್ರೀಟು ಇಂಗಿಸುವುದಿಲ್ಲವಾದ್ದರಿಂದ ಅದರಲ್ಲಿ ಸುಮಾರು 9 ಲಕ್ಷ ಲೀಟರ್ ಕೆಲವೇ ಗಂಟೆಗಳಲ್ಲಿ ಕೆಳಕ್ಕೆ ಹರಿಯುತ್ತದೆ. ಮೇಲ್ಭಾಗದಲ್ಲಿ 21 ಮೀಟರ್ ಉದ್ದಗಲ, 3 ಮೀಟರ್ ಆಳದ ಕೃಷಿಹೊಂಡವನ್ನು ಇಳಿಜಾರು ಬದಿ ಬಿಟ್ಟು ತೋಡಿದರೆ ಅದರಲ್ಲಿ ಹಿಡಿಯುವುದು ಹೆಚ್ಚುಕಡಿಮೆ ಇಷ್ಟೇ ನೀರು. ಅಂದರೆ ಆ ಬಡಾವಣೆ ಒಂದು ತುಂಬಿದ ಕೃಷಿಹೊಂಡವನ್ನು ಒಂದೇ ಮಳೆಗೆ ಕೆಳಗಿನ ಹೊಲದ ಮೇಲೆ ಒಡೆದುಬಿಟ್ಟಂತೆ. ಅದೇ ನೀರನ್ನು ಬಡಾವಣೆಯ ಉದ್ಯಾನದಲ್ಲಿ, ಇಂಗುಗುಂಡಿಗಳಲ್ಲಿ ಹಿಡಿದಿದ್ದರೆ ಕೊಳವೆ ಬಾವಿಗೆ ಒರತೆಯಾಗುತ್ತಿತ್ತು.

ಆದುದರಿಂದ ನೆಲದ ಯೋಜನೆಗೆ ಸರ್ವೆ ನಂಬರು ಅಳತೆಗೋಲಲ್ಲ, ಹಳ್ಳದ ಜಲಾನಯನವೇ ಅಳತೆಗೋಲು. ನೀರು ಹುಟ್ಟುವ ದಿಬ್ಬದಿಂದ ಅದು ಡೋಣಿ ಸೇರುವವರೆಗಿನ ನೆಲವೆಲ್ಲ ಒಂದೇ ಹೊಲವೆಂದು ಭಾವಿಸಿ ಯೋಚಿಸಬೇಕು.

ಹಿಂದಿನವರು ಕಲಿಸಿದ ಪಾಠ

ಈ ವಿಚಾರ ನಮ್ಮ ಊರಿಗೆ ಹೊಸದಲ್ಲ. ಆದಿಲ್‌ಶಾಹಿ ಅರಸರ ಕಾಲದಲ್ಲಿ ಈ ರಾಜಧಾನಿಗೆ ಹತ್ತಿರದಲ್ಲಿ ದೊಡ್ಡ ನದಿ ಇರಲಿಲ್ಲ. ಅವರು ಮೊದಲು ನೆಲದ ಏರಿಳಿತವನ್ನು ಓದಿದರು. ಪಶ್ಚಿಮದ ತೊರವಿಯ ಎತ್ತರದಲ್ಲಿ ಇಂಗಿದ ನೀರನ್ನು ನೆಲದೊಳಗಿನ ಸುರಂಗದ ಮೂಲಕ, ನಡುನಡುವೆ ಗಾಳಿಬಾವಿಗಳನ್ನು ಬಿಟ್ಟು, ಇಳಿಜಾರಿನಲ್ಲಿಯೇ ನಗರಕ್ಕೆ ಹರಿಸಿದರು. ತೊರವಿಯ ಸುರಂಗ ಬಾವಡಿ ಇಂದಿಗೂ ಅದರ ಸಾಕ್ಷಿಯಾಗಿದೆ. ದಕ್ಷಿಣದಲ್ಲಿ 1651ರಲ್ಲಿ ಮಹಮ್ಮದ್ ಆದಿಲ್ ಶಾಹನು ಬೇಗಂ ತಲಾಬ್ ಕಟ್ಟಿಸಿದನು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ದಾರಿಯಲ್ಲಿ ನೀರಿನ ಒತ್ತಡ ತಗ್ಗಿಸಲು ಮತ್ತು ಹೂಳು ತಂಗಿಸಲು ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಊರೊಳಗೆ ಚಾಂದ್ ಬಾವಡಿ, ತಾಜ್ ಬಾವಡಿಗಳಂಥ ದೊಡ್ಡ ಬಾವಿಗಳಿದ್ದವು. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆಯೂ ಅದೇ ಅರಸನ ಕಾಲದ್ದು.

ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಒಂದು, ಊರಿನ ನೀರು ಊರ ಹೊರಗಿನ ನೆಲದಲ್ಲಿ ಹುಟ್ಟುತ್ತದೆ. ಎರಡು, ಆ ನೆಲವನ್ನು ಕಾಯ್ದರೆ ಮಾತ್ರ ಕಟ್ಟಿದ ಕೆರೆ, ಬಾವಿ ಉಪಯೋಗಕ್ಕೆ ಬರುತ್ತವೆ. ಮೇಲಿನ ನೆಲದ ಗತಿ ಕೆಟ್ಟಾಗ ಬಾವಿಗಳು ಹೂಳು, ಕಸಗಳಿಂದ ತುಂಬಿದವು. 2010ರ ದಶಕದಲ್ಲಿ ಅನೇಕ ಬಾವಡಿಗಳ ಹೂಳು ತೆಗೆಯಲಾಯಿತು. ಕೃಷ್ಣೆಯ ನೀರನ್ನು ಏತದಿಂದ ಎತ್ತಿ ಜಿಲ್ಲೆಯ ಕೆರೆಗಳನ್ನು ತುಂಬಿಸುವ ಕಾರ್ಯವೂ ನಡೆದಿದೆ. ನೀರು ಬಂದಿತೆಂದು ಹಳ್ಳ, ಕಾಲುವೆಗಳನ್ನು ಮರೆಯುವುದು ಸಲ್ಲದು. ತುಂಬಿದ ಕೆರೆಗೆ ಬಡಾವಣೆಯ ಗಟಾರು ಬಂದು ಸೇರಿದರೆ ಅಷ್ಟೆಲ್ಲ ಖರ್ಚು ನೀರಿನಲ್ಲಿ ಹೋಮ ಮಾಡಿದಂತೆ.

ಗಟಾರದ ನೀರು: ಗೊಬ್ಬರವೋ, ವಿಷವೋ?

ನಗರದಂಚಿನ ಹಳ್ಳಗಳಲ್ಲಿ ವರ್ಷವಿಡೀ ಹರಿಯುವ ನೀರು ಊರಿನ ಗಟಾರದ್ದು. ಬರಗಾಲದಲ್ಲಿ ಇದು ರೈತನಿಗೆ ವರದಂತೆ ಕಾಣುತ್ತದೆ. ಈ ವಿಷಯದಲ್ಲಿ ಹುಬ್ಬಳ್ಳಿ–ಧಾರವಾಡದ ಅನುಭವ ನಮಗೆ ದಾರಿದೀಪವಾಗಿದೆ. 1990ರ ದಶಕದ ಕೊನೆಯ ಭಾಗ ಮತ್ತು 2000ದ ದಶಕದ ಮೊದಲ ವರ್ಷಗಳಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬ್ರಿಟನ್ನಿನ ವಿಶ್ವವಿದ್ಯಾಲಯಗಳೊಡನೆ ಸೇರಿ ಅಲ್ಲಿಯ ನಾಲಾಗಳ ದಂಡೆಯ ಬೇಸಾಯವನ್ನು ಅಭ್ಯಾಸ ಮಾಡಿದರು. ಕೆಲವರು ಪೂರ್ತಿ ಕಾಯಿಪಲ್ಯೆ ಬೆಳೆಯುತ್ತಿದ್ದರು, ಕೆಲವರು ಕಾಳಿನ ಬೆಳೆಯ ಜೊತೆ ಪಲ್ಯೆ, ಇನ್ನು ಕೆಲವರು ಹಣ್ಣಿನ ಗಿಡ ಮತ್ತು ಮರಗಳನ್ನು ಬೆಳೆಸಿದ್ದರು. ಬೇಸಿಗೆಯಲ್ಲಿ ಆದಾಯ ಬಂದುದು ನಿಜ. ಆದರೆ ಕಳೆ ಮತ್ತು ಕೀಟಗಳ ಬಾಧೆ ಹೆಚ್ಚಾಗಿ, ಔಷಧಿ ಸಿಂಪರಣೆ ಮಿತಿ ಮೀರಿದ್ದೂ, ಕೆಲಸಗಾರರ ಆರೋಗ್ಯಕ್ಕೆ ಅಪಾಯವಿದ್ದುದೂ ಕಂಡುಬಂದಿತು.

ಇಂಥ ನೀರನ್ನು ಬಳಸುವ ರೈತರು ಕೆಳಗಿನ ಅಂಶಗಳನ್ನು ಪಾಲಿಸುವುದು ಅವಶ್ಯ.

1. ವರ್ಷಕ್ಕೊಮ್ಮೆ ನೀರು ಮತ್ತು ಮಣ್ಣನ್ನು ಪರೀಕ್ಷೆ ಮಾಡಿಸಬೇಕು. ನೀರಿನ ವಿದ್ಯುತ್ ವಾಹಕತೆ 2 ಡೆಸಿಸೈಮನ್ ದಾಟಿದರೆ ಎರಿ ಮಣ್ಣಿನಲ್ಲಿ ಸವಳು ಬರುವ ಭಯವಿದೆ. ಉಳಿಕೆ ಸೋಡಿಯಂ ಕಾರ್ಬೊನೇಟು ಲೀಟರಿಗೆ 2.5 ಮಿಲಿಸಮಾನವನ್ನು ಮೀರಿದ ನೀರು ಬೇಸಾಯಕ್ಕೆ ಅಯೋಗ್ಯ. ಎರಿ ಭೂಮಿಯಲ್ಲಿ ಬಸಿಯುವಿಕೆ ನಿಧಾನವಾದ್ದರಿಂದ ಒಮ್ಮೆ ಸವಳಾದರೆ ಸರಿಪಡಿಸುವುದು ಕಷ್ಟ.

2. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆ, ಮೆಂತ್ಯಗಳಿಗೆ ಶುದ್ಧೀಕರಿಸದ ಗಟಾರದ ನೀರನ್ನು ಕೊಡಲೇಬಾರದು. ಇಂಥ ಬೆಳೆಗಳ ನೀರಿನಲ್ಲಿ ಜಂತುಹುಳದ ತತ್ತಿ ಲೀಟರಿಗೆ ಒಂದಕ್ಕಿಂತ ಹೆಚ್ಚಿರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಸೂಚಿಸಿದೆ. ಹರಿಯುವ ಗಟಾರು ಇದಕ್ಕೆ ಹತ್ತಿರವೂ ಬರುವುದಿಲ್ಲ.

3. ಬಳಸಲೇಬೇಕಾದರೆ ನೀರನ್ನು ಹೊಂಡದಲ್ಲಿ ಕೆಲವು ದಿನ ತಂಗಿಸಿ, ಮೇವಿನ ಹುಲ್ಲು, ಹೊಂಗೆ, ಬೇವು ಮೊದಲಾದ ಮರಗಳಿಗೆ ಸಾಲಿನ ಮೂಲಕ ಕೊಡಬೇಕು. ಕೊಯ್ಲಿಗೆ ಎರಡು ವಾರ ಮೊದಲು ನಿಲ್ಲಿಸಬೇಕು.

4. ಕೆಲಸ ಮಾಡುವಾಗ ಬೂಟು, ಕೈಚೀಲ ಧರಿಸಬೇಕು. ಕೈ ತೊಳೆಯದೆ ಬುತ್ತಿ ಬಿಚ್ಚಬಾರದು.

5. ಊರಿನ ಕಸವನ್ನು ವಿಂಗಡಿಸದೆ ಹೊಲಕ್ಕೆ ಹಾಕಿಸಿಕೊಳ್ಳಬಾರದು. ಗಾಜು, ಪ್ಲಾಸ್ಟಿಕ್, ಬ್ಯಾಟರಿಯ ಚೂರು ಒಮ್ಮೆ ಎರಿಯಲ್ಲಿ ಸೇರಿದರೆ ಆರಿಸಿ ತೆಗೆಯುವುದು ಆಗದ ಮಾತು. ಹಸಿ ಕಸದಿಂದ ಮಾತ್ರ ತಯಾರಾದ, ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಎಕರೆಗೆ ಎರಡು–ಮೂರು ಟನ್ ಹಾಕಬಹುದು.

ಹತ್ತಿರದ ಹೊಲಕ್ಕೆ ಯಾವ ಬೆಳೆ?

ಪ್ಲಾಟಿನ ಬೆಲೆಯೊಡನೆ ಜೋಳ ಪೈಪೋಟಿ ಮಾಡಲಾರದು ಎಂಬುದು ನಿಜ. ಆದರೆ ನಗರದಂಚಿನ ಹೊಲ ಜೋಳಕ್ಕೆ ಮಾತ್ರ ಸೀಮಿತವಲ್ಲ. ಪೇಟೆಯ ಸಾಮೀಪ್ಯವೇ ಅದರ ಬಲ. ಇದನ್ನು ಉಪಯೋಗಿಸುವ ಕೆಲವು ವಿಧಾನಗಳು ಹೀಗಿವೆ.

ಅ) ನಾಲ್ಕು ಎಕರೆಯಲ್ಲಿ ಅರ್ಧ ಎಕರೆ ಮಾತ್ರ ಬಾವಿಯ ಶುದ್ಧ ನೀರಿನಿಂದ ಹನಿ ನೀರಾವರಿಯಲ್ಲಿ ಸೊಪ್ಪು, ಕಾಯಿಪಲ್ಯೆ ಬೆಳೆಯಬೇಕು. ವಾರಕ್ಕೊಂದು ಮಡಿ ಬಿತ್ತುತ್ತ ಹೋದರೆ ವಾರವಾರವೂ ಪೇಟೆಗೆ ಮಾಲು ಇರುತ್ತದೆ.

ಆ) ಕಾಲು ಎಕರೆ ಸಂಕರ ನೇಪಿಯರ್ ಮೇವು, ಅದರೊಡನೆ ಎರಡು ಹೈನು. ಹಾಲು ಊರಿಗೆ, ಗೊಬ್ಬರ ಹೊಲಕ್ಕೆ.

ಇ) ಉಳಿದ ಎರಿಯಲ್ಲಿ ಚೌಕುಮಡಿ ಮಾಡಿ ಜೋಳ, ಕಡಲೆ. ಊರಿನ ಹೈನುಗಾರರಿಗೆ ಕಾಳಿನಷ್ಟೇ ಕಣಿಕೆಯೂ ಬೇಕು. ಇಬ್ಬರ ಲೆಕ್ಕವನ್ನೂ ಕೂಡಿಸಿ ನೋಡಬೇಕು.

ಈ) ಮಡ್ಡಿ ಸೆರಗಿನಲ್ಲಿ ಬಾರೆ, ಸೀತಾಫಲ, ಬದುವಿನ ಮೇಲೆ ಬೇವು, ಹುಣಸೆ. ಬಡಾವಣೆಯ ಕಡೆಯ ಗಡಿಯಲ್ಲಿ ಎರಡು ಸಾಲು ಗಿಡ ಹಚ್ಚಿದರೆ ಧೂಳು, ಕಸ, ಬಿಡಾಡಿ ದನಗಳ ಕಾಟ ತಗ್ಗುತ್ತದೆ. ನಿಮ್ಮ ಸಿಂಪರಣೆಯ ಔಷಧಿ ಮನೆಗಳ ಕಡೆ ಹಾರುವುದೂ ಕಡಿಮೆಯಾಗುತ್ತದೆ.

ಉ) ತಗ್ಗಿನ ಮೂಲೆಯಲ್ಲಿ ಕೃಷಿಹೊಂಡ ಮತ್ತು ಕಲ್ಲು ಕಟ್ಟಿದ ಕೋಡಿ. ಮೇಲಿನಿಂದ ಬರುವ ನೀರು ಹೊಲವನ್ನು ಕೊರೆಯದೆ ಹೊಂಡದ ಮೂಲಕ ಹಳ್ಳ ಸೇರಬೇಕು.

ಹೀಗೆ ಮಾಡಿದರೆ ಒಂದೇ ಬೆಳೆಯ ಮೇಲೆ, ಒಂದೇ ಮಳೆಯ ಮೇಲೆ ಸಂಸಾರ ನಿಲ್ಲುವುದಿಲ್ಲ. ಕಳ್ಳತನ, ಕೂಲಿಯ ಕೊರತೆ ನಗರದಂಚಿನ ನಿಜವಾದ ತೊಂದರೆಗಳು. ನಾಲ್ಕಾರು ಹೊಲದವರು ಕೂಡಿ ಒಬ್ಬ ಕಾವಲುಗಾರನನ್ನು ಇಟ್ಟುಕೊಂಡರೆ ಖರ್ಚು ಹಂಚಿಹೋಗುತ್ತದೆ.

ಮಾರುವ ಮುನ್ನ

ಮಾರಬೇಡಿ ಎಂದು ಹೇಳುವ ಹಕ್ಕು ನಮಗಿಲ್ಲ. ಸಾಲ, ಮದುವೆ, ಮಕ್ಕಳ ಓದು, ಪಾಲು ಇವೆಲ್ಲ ಮನೆಯೊಳಗಿನ ಮಾತು. ಆದರೆ ಅವಸರದ ಮಾರಾಟದಿಂದ ಕೈ ಸುಟ್ಟುಕೊಂಡವರು ಬಹಳ. ಆದುದರಿಂದ ಕೆಲವು ವಿಷಯಗಳನ್ನು ತಿಳಿದಿರುವುದು ಒಳಿತು.

ಕೃಷಿ ಭೂಮಿಯನ್ನು ಮನೆಗೆ ಬಳಸುವಾಗ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೆಯ ಕಲಮಿನ ನಿಯಮಗಳನ್ನು ಪಾಲಿಸಬೇಕು. ಯಾವ ಭಾಗ ವಸತಿಗೆ, ಯಾವುದು ಕೃಷಿಗೆ ಎಂಬುದನ್ನು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುವ ಮಹಾಯೋಜನೆ ಗೊತ್ತುಮಾಡುತ್ತದೆ. ಬಡಾವಣೆಯ ನಕ್ಷೆಗೂ ಅದೇ ಕಾಯ್ದೆಯಡಿ ಮಂಜೂರಾತಿ ಬೇಕು. ಇವು ಯಾವುವೂ ಇಲ್ಲದೆ ಬರೀ ಕಲ್ಲು ನೆಟ್ಟು ಮಾರಿದ ಕಂದಾಯ ಪ್ಲಾಟುಗಳಲ್ಲಿ ಕೊಂಡವರಿಗೂ ತೊಂದರೆ, ಮಾರಿದವರಿಗೂ ತಕರಾರು. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ 11ಇ ನಕ್ಷೆ ಆಗಿರಬೇಕು. ಉತಾರದಲ್ಲಿ ಬ ಖರಾಬು ಎಂದು ಬರೆದ ಹಳ್ಳ, ದಾರಿಗಳ ಜಾಗ ಸಾರ್ವಜನಿಕರದು; ಅದನ್ನು ಮಾರುವ ಅಥವಾ ಮುಚ್ಚುವ ಅಧಿಕಾರ ಹೊಲದವರಿಗಾಗಲಿ ಪ್ಲಾಟ್ ಹಾಕುವವರಿಗಾಗಲಿ ಇಲ್ಲ. 2020ರ ಭೂ ಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾಗಿದೆ. ಆದುದರಿಂದ ಕೊಳ್ಳಲು ಬರುವವರ ಸಂಖ್ಯೆ ಹೆಚ್ಚಿದೆ, ರೈತನ ಎಚ್ಚರವೂ ಹೆಚ್ಚಬೇಕು.

ಮಾರದೆಯೂ ಊರಿನ ಬೆಳವಣಿಗೆಯಲ್ಲಿ ಪಾಲು ಪಡೆಯುವ ದಾರಿಗಳಿವೆ. ಪುಣೆಯ ಹಡಪಸರದ ಮಗರಪಟ್ಟಾದಲ್ಲಿ ಸುಮಾರು 120 ರೈತ ಕುಟುಂಬಗಳು 400 ಎಕರೆಗೂ ಹೆಚ್ಚಿನ ತಮ್ಮ ಭೂಮಿಯನ್ನು ಬಿಡಿಬಿಡಿಯಾಗಿ ಮಾರದೆ ಒಂದುಗೂಡಿಸಿ, ತಾವೇ ಕಂಪನಿ ಮಾಡಿಕೊಂಡು, ತಮ್ಮ ಭೂಮಿಗೆ ತಕ್ಕ ಪಾಲುದಾರರಾಗಿ ನಗರ ಕಟ್ಟಿದರು. ಪುಣೆಯ ಉದ್ಯಮಗಳ ಬೇಡಿಕೆ ಅವರಿಗೆ ಅನುಕೂಲವಾಗಿತ್ತು. ಅದನ್ನೇ ಇಲ್ಲಿ ಹಾಗೆಯೇ ನಕಲು ಮಾಡಲಾಗದು. ಆದರೆ ಒಬ್ಬೊಬ್ಬರೇ ಮಾತನಾಡಿದರೆ ದಲ್ಲಾಳಿಯ ಮಾತು ನಡೆಯುತ್ತದೆ, ಹತ್ತು ಜನ ಕೂಡಿ ಕುಳಿತರೆ ರೈತರ ಮಾತು ನಡೆಯುತ್ತದೆ ಎಂಬುದು ಎಲ್ಲ ಊರಿಗೂ ಅನ್ವಯಿಸುತ್ತದೆ.

ಹಳ್ಳಿಯ ನೆಲದ ನಕ್ಷೆ ಮಾಡುವ ವಿಧಾನ

ಅಮೆರಿಕದ ಇಯಾನ್ ಮ್ಯಾಕ್‌ಹಾರ್ಗ್ ಎಂಬ ಭೂದೃಶ್ಯ ತಜ್ಞರು 1969ರಲ್ಲಿ ಒಂದು ಸರಳ ವಿಧಾನವನ್ನು ಜನಪ್ರಿಯಗೊಳಿಸಿದರು. ಮಣ್ಣು, ನೀರು, ಇಳಿಜಾರು ಇವನ್ನು ಬೇರೆ ಬೇರೆ ಪಾರದರ್ಶಕ ಹಾಳೆಗಳಲ್ಲಿ ಬರೆದು ಒಂದರ ಮೇಲೊಂದು ಇಟ್ಟು ನೋಡುವುದೇ ಆ ವಿಧಾನ. ಇದನ್ನು ನಮ್ಮ ಹಳ್ಳಿಯ ಯುವಕರೂ ಮಾಡಬಹುದು.

ಮೊದಲನೆಯದಾಗಿ ಸರ್ವೆ ನಂಬರುಗಳಿರುವ ಗ್ರಾಮ ನಕ್ಷೆಯನ್ನು ಪಡೆಯಿರಿ. ಮೊಬೈಲಿನ ದಿಶಾಂಕ್ ತಂತ್ರಾಂಶದಿಂದ ನಿಂತ ಜಾಗದ ಸರ್ವೆ ನಂಬರು ತಿಳಿಯಬಹುದು.

ಎರಡನೆಯದಾಗಿ ಒಂದು ಟ್ರೇಸಿಂಗ್ ಹಾಳೆಯಲ್ಲಿ ಹಳ್ಳ, ನಾಲಾ, ಕೆರೆ, ಬಾವಿ, ಕೊಳವೆ ಬಾವಿಗಳನ್ನು ನೀಲಿ ಬಣ್ಣದಲ್ಲಿ ಬರೆಯಿರಿ. ಹಳೆಯ ಹಳ್ಳಗಳನ್ನು ಊರಿನ ಹಿರಿಯರಿಂದ ಕೇಳಿ ತಿಳಿಯಿರಿ. ಈಗ ಮುಚ್ಚಿದ್ದರೂ ಮಳೆ ಜೋರಾದಾಗ ನೀರು ಹಳೆಯ ದಾರಿಯನ್ನೇ ಹುಡುಕುತ್ತದೆ.

ಮೂರನೆಯದಾಗಿ ಅಲ್ಲಲ್ಲಿ ಮೂರು ಅಡಿಯ ಗುಂಡಿ ತೋಡಿ, ಮಣ್ಣಿನ ಆಳ ನೋಡಿ, ಮಡ್ಡಿ, ನಡುವಣ ನೆಲ, ಎರಿ ಎಂದು ಎರಡನೆಯ ಹಾಳೆಯಲ್ಲಿ ಗುರುತಿಸಿರಿ.

ನಾಲ್ಕನೆಯದಾಗಿ ತೋಟ, ದ್ರಾಕ್ಷಿ ಪಡ, ಗೋಮಾಳ, ರಸ್ತೆ, ಈಗಾಗಲೇ ಆಗಿರುವ ಪ್ಲಾಟುಗಳನ್ನು ಮೂರನೆಯ ಹಾಳೆಯಲ್ಲಿ ಬರೆಯಿರಿ.

ಐದನೆಯದಾಗಿ ಮೂರೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಿರಿ. ಆಳದ ಎರಿ ಮತ್ತು ಒಳ್ಳೆಯ ಬಾವಿ ಕೂಡಿರುವ ಭಾಗಕ್ಕೆ ಹಸಿರು, ಹಳ್ಳದ ಎರಡೂ ದಂಡೆಗೆ ನೀಲಿ, ರಸ್ತೆಗೆ ಹತ್ತಿರವಿರುವ ಮಡ್ಡಿಗೆ ಕೆಂಪು ಬಣ್ಣ ಹಚ್ಚಿರಿ. ಹಸಿರು ಬೇಸಾಯಕ್ಕೆ, ನೀಲಿ ನೀರು ಮತ್ತು ಗಿಡಗಳಿಗೆ, ಕೆಂಪು ಮನೆಗಳಿಗೆ.

ಕೊನೆಯದಾಗಿ ಈ ನಕ್ಷೆಯನ್ನು ಗ್ರಾಮಸಭೆಯಲ್ಲಿ ಚರ್ಚಿಸಿ ಠರಾವು ಮಾಡಿರಿ. ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಮತ್ತು ಸಲಹೆಗಳನ್ನು ಲಿಖಿತವಾಗಿ ಕೊಡಲು ಸಾರ್ವಜನಿಕರಿಗೆ ಅವಕಾಶವಿರುತ್ತದೆ. ಪ್ರಕಟಣೆಯಲ್ಲಿ ಹೇಳಿದ ಅವಧಿಯೊಳಗೆ ಠರಾವು ಮತ್ತು ನಕ್ಷೆ ಎರಡನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ. ರೈತರು ಸಾಮಾನ್ಯವಾಗಿ ಈ ಅವಧಿ ಮುಗಿದ ಮೇಲೆ ಕಚೇರಿಗೆ ಹೋಗುತ್ತಾರೆ. ಆಗ ಏನೂ ಪ್ರಯೋಜನವಿಲ್ಲ.

ಮುಕ್ತಾಯ

ಮೊದಲು ಹೇಳಿದ ರೈತರ ನಾಲ್ಕು ಎಕರೆಗೆ ನಾವು ಕೊನೆಗೆ ಕೊಟ್ಟ ಸಲಹೆ ಇಷ್ಟು. ಅವರ ಹೊಲದಲ್ಲಿ ಗುಂಡಿ ತೋಡಿ ನೋಡಿದಾಗ ಮೂರು ಎಕರೆ ಆಳದ ಎರಿ, ರಸ್ತೆಯ ಕಡೆಯ ಒಂದು ಎಕರೆ ಗರಸು ನೆಲ ಎಂದು ತಿಳಿದುಬಂದಿತು. ಹಣದ ಅಡಚಣೆ ಇದ್ದರೆ ಆ ಒಂದು ಎಕರೆಯ ವಿಚಾರವನ್ನು ಕಾಯ್ದೆ ಪ್ರಕಾರ ಮಾಡಿರಿ, ಎರಿಯನ್ನು ಮುಟ್ಟಬೇಡಿ. ಹಳ್ಳದ ಜಾಗವನ್ನು ಮೊದಲು ಅಳತೆ ಮಾಡಿಸಿ ಕಲ್ಲು ನೆಡಿಸಿರಿ ಎಂದೆವು. “ನಾ ಒಬ್ಬನ ಉಳಿಸಿದರ ಉಳೀತೈತೇನ್ರಿ?” ಎಂದು ಅವರು ಕೇಳಿದರು. ಉಳಿಯುವುದಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಮೇಲಿನ ಹೊಲದವರು, ಕೆಳಗಿನ ಹೊಲದವರು ಕೂಡದೆ ಒಂದು ಹೊಲ ಉಳಿಯಲಾರದು. ಹಳ್ಳ ಒಂದೇ ಆಗಿರುವಾಗ ಅದರ ಎರಡೂ ದಂಡೆಯವರ ಹಿತವೂ ಒಂದೇ.

ಆದುದರಿಂದ ನಗರದಂಚಿನ ರೈತ ಬಾಂಧವರು ಈ ಬೇಸಿಗೆಯಲ್ಲಿ, ಹೊಲದ ಕೆಲಸ ಕಡಿಮೆ ಇರುವಾಗ, ತಮ್ಮ ಹಳ್ಳದ ಗುಂಟ ಒಮ್ಮೆ ನಡೆದು ನೋಡಬೇಕು. ಜೊತೆಗೆ ಊರಿನ ಒಬ್ಬ ಹಿರಿಯರನ್ನೂ, ನಕ್ಷೆ ಓದಬಲ್ಲ ಒಬ್ಬ ಯುವಕನನ್ನೂ ಕರೆದೊಯ್ಯಬೇಕು. ಮಣ್ಣು, ನೀರಿನ ಪರೀಕ್ಷೆಗೆ ಮತ್ತು ಬೆಳೆ ಯೋಜನೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬೇಕು. ಮುಂಗಾರಿನ ಮೊದಲ ಮಳೆ ಬೀಳುವ ಮುಂಚೆ ನೀರಿನ ದಾರಿ ಗೊತ್ತಾಗಿದ್ದರೆ, ಹಿಂಗಾರಿಯಲ್ಲಿ ಬಿತ್ತಲು ಹೊಲ ಇರುತ್ತದೆ.